ಅಂಕಪಟ್ಟಿ ಮತ್ತು ಅಡಿಗೆಮನೆಯ ಲೆಕ್ಕ

(ರಾಜ್ಯೋತ್ಸವದ ಅಂಗವಾಗಿ ಸಂಘದ ಮಹಿಳಾ ವಿಭಾಗದವರು ಕರೆದಿದ್ದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಮಹಿಳಾ ವಿಭಾಗದ ಕಾರ್ಯದರ್ಶಿಯವರು ನಮ್ಮನ್ನು ಕರೆದು, "ನೀವು ಬ್ಯಾಂಕಿನವರು. ಹೆಂಗಸರ ಸಹಕಾರ ಸಂಘದ ವಿಷಯವಾಗಿ ನಾಲ್ಕು ಮಾತು ಹೇಳಿ" ಎಂದು ಅಪ್ಪಣೆ ಮಾಡಿದರು. ಎರಡು ದಿನ ಕಳೆದ ಮೇಲೆ ಯುವಕ ವಿಭಾಗದವರು ಬಂದು, "ಮಕ್ಕಳ ಪರೀಕ್ಷೆ, ಅವರ ಮನಸ್ಸಿನ ನೆಮ್ಮದಿ, ಇದರ ಮೇಲೂ ಒಂದು ಭಾಷಣ ಆಗಬೇಕು" ಎಂದರು. ನಾವು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವವರು. ಪಂಡಿತರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಎರಡು ಭಾಷಣ ಮಾಡುವ ಶಕ್ತಿ ನಮಗಿಲ್ಲ. ಆದರೆ ಕುಳಿತು ಯೋಚಿಸಿದಾಗ ಎರಡೂ ಒಂದೇ ಮನೆಯ ಎರಡು ಖಾತೆಗಳೆಂದು ತೋರಿತು. ಆದುದರಿಂದ ಒಂದೇ ಭಾಷಣದಲ್ಲಿ ಎರಡನ್ನೂ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಕಳೆದ ವರ್ಷ ನಮ್ಮ ಸಂಘದ ಪ್ರತಿಭಾ ಪುರಸ್ಕಾರದ ದಿನ. ವೇದಿಕೆಯ ಮೇಲೆ ಹಾರ, ಶಾಲು, ಪದಕ ಎಲ್ಲವೂ ಸಿದ್ಧವಾಗಿದ್ದುವು. ಹಿಂದಿನ ಬಾಗಿಲ ಬಳಿ ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಒಬ್ಬ ತಾಯಿಯನ್ನು ನಾವು ಮಾತನಾಡಿಸಿದೆವು. ಧಾರವಾಡದ ಕಡೆಯವರು. ಅವರು ಮಾಡುವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಜೋಳದ ರೊಟ್ಟಿಗಳನ್ನು ನಮ್ಮಲ್ಲಿ ಬಹಳ ಮನೆಯವರು ತಿಂದಿದ್ದೇವೆ. "ನಿಮ್ಮ ಮಗ ಬರಲಿಲ್ಲವೆ?" ಎಂದು ಕೇಳಿದೆವು. ಆ ತಾಯಿ ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ, "ಅವಗ ಎಪ್ಪತ್ತೊಂದ ಬಂದಾವ್ರೀ. ಇಲ್ಲೆ ಕರೆಯೋದು ತೊಂಬತ್ತರ ಮ್ಯಾಲಿನವರನ್ನ ಅಲ್ಲೇನ್ರಿ?" ಎಂದರು.

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ನಿಯಮವನ್ನು ತಿಳಿದವರು ನಿಯಮವನ್ನು ಹೇಳಿದ ಹಾಗೆ ಇತ್ತು. ಆ ನಿಯಮವನ್ನು ಮಾಡಿದ ಸಮಿತಿಯಲ್ಲಿ ನಾವೂ ಇದ್ದೆವು. ಆ ದಿನ ನಮಗೆ ಊಟ ರುಚಿಸಲಿಲ್ಲ.

ಆ ಹುಡುಗನನ್ನು ನಾವು ಬಲ್ಲೆವು. ಚಟ್ನಿಪುಡಿಯನ್ನು ತೂಕ ಮಾಡುವವನು ಅವನು. ಶನಿವಾರ ಭಾನುವಾರ ಮೆಟ್ರೋದಲ್ಲಿ ಯಮುನೆಯ ಈಚೆ ಆಚೆ ಓಡಾಡಿ ಮನೆಮನೆಗೆ ಮುಟ್ಟಿಸುವವನೂ ಅವನೇ. ಯಾರು ಎಷ್ಟು ಕೊಟ್ಟರು, ಯಾರದು ಬಾಕಿ ಎಂಬುದನ್ನು ಉದ್ದನೆಯ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಾನೆ. ಒಮ್ಮೆ ಆ ಪುಸ್ತಕವನ್ನು ನಮಗೆ ತೋರಿಸಿದ. ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ. ನಮ್ಮ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಹೊಸಬರಲ್ಲಿ ಎಲ್ಲರೂ ಅಷ್ಟು ಚೊಕ್ಕಟವಾಗಿ ಬರೆಯುವುದಿಲ್ಲ. ಆ ಹುಡುಗ ಈಗ ಸಂಘಕ್ಕೆ ಬರುತ್ತಿಲ್ಲ. ಭಾನುವಾರದ ಕನ್ನಡ ತರಗತಿಯನ್ನೂ ಬಿಟ್ಟಿದ್ದಾನೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ಆ ತಾಯಿಯ ದುಡಿಮೆಗೆ ನಾವು ಸರಿಯಾದ ಬೆಲೆ ಕಟ್ಟಿದ್ದೇವೆಯೆ? ಆ ಮಗನ ಯೋಗ್ಯತೆಗೆ ನಾವು ಸರಿಯಾದ ಬೆಲೆ ಕಟ್ಟಿದ್ದೇವೆಯೆ?

ತಾಯಿಯ ಲೆಕ್ಕವನ್ನು ಮೊದಲು ನೋಡೋಣ. ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ಕಿಲೋ ಶೇಂಗಾ ಚಟ್ನಿಪುಡಿಗೆ ಸಾಮಾನು 220 ರೂಪಾಯಿ, ಪೊಟ್ಟಣ ಮತ್ತು ಚೀಟಿಗೆ 30, ಗ್ಯಾಸು ಮತ್ತು ಕರೆಂಟಿಗೆ 20. ಒಟ್ಟು 270. ಮಾರಿದ್ದು 360ಕ್ಕೆ. "90 ರೂಪಾಯಿ ಉಳಿಯಿತು" ಎಂದು ಗೃಹಿಣಿ ಸಂತೋಷಪಡುತ್ತಾಳೆ. ಆದರೆ ಶೇಂಗಾ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಪೊಟ್ಟಣ ಕಟ್ಟುವುದಕ್ಕೆ ಮೂರು ಗಂಟೆ ಹಿಡಿಯಿತೆಂದು ಇಟ್ಟುಕೊಳ್ಳಿ. ಗಂಟೆಗೆ 50 ರೂಪಾಯಿ ಎಂದರೂ 150 ಆಯಿತು. ಹಾಗಾದರೆ ಉಳಿದದ್ದು 90 ಅಲ್ಲ, ಕಳೆದದ್ದು 60. ಈ 60 ರೂಪಾಯಿಯನ್ನು ಕೊಟ್ಟವರು ಯಾರು? ಆ ತಾಯಿಯ ನಿದ್ರೆ ಸ್ವಲ್ಪ ಕೊಟ್ಟಿತು, ಅವಳ ಸೊಂಟನೋವು ಸ್ವಲ್ಪ ಕೊಟ್ಟಿತು. ಉಳಿದದ್ದನ್ನು ಪಕ್ಕದಲ್ಲಿ ಕುಳಿತು ಸಿಪ್ಪೆ ತೆಗೆದ ಮಗ ತನ್ನ ಓದಿನ ಹೊತ್ತಿನಿಂದ ಕೊಟ್ಟ. ಎರಡು ಖಾತೆಗಳೂ ಒಂದೇ ಮನೆಯವು ಎಂದು ನಾವು ಆರಂಭದಲ್ಲಿ ಹೇಳಿದ್ದು ಇದಕ್ಕೇ.

ಈಗ ಹತ್ತು ಹನ್ನೆರಡು ಮಂದಿ ತಾಯಂದಿರು ಒಟ್ಟಿಗೆ ಸೇರಿದರೆಂದು ಭಾವಿಸೋಣ. ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ಸಗಟಾಗಿ ತಂದರೆ ಸಾಮಾನು 180ಕ್ಕೆ ಇಳಿಯಬಹುದು. ಪೊಟ್ಟಣ 20, ಯಂತ್ರದ ಖರ್ಚು 15. ಯಂತ್ರವಿದ್ದರೆ ಮೂರು ಗಂಟೆಯ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಕೂಲಿ 75. ಎಲ್ಲ ಸೇರಿ 290. ಅದೇ 360ಕ್ಕೆ ಮಾರಿದರೆ ಕೂಲಿಯೂ ಕೈಗೆ ಬಂದು, 70 ರೂಪಾಯಿ ಸಂಘದ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಸಹಕಾರದ ಗುಟ್ಟೆಲ್ಲ ಇಷ್ಟೆ. ಒಬ್ಬೊಬ್ಬರಾಗಿ ಮಾಡಿದರೆ ನಷ್ಟವಾಗುವ ಕೆಲಸವೇ ಕೂಡಿ ಮಾಡಿದರೆ ಲಾಭಕ್ಕೆ ಬರುತ್ತದೆ.

ಸಹಕಾರ ನಮಗೆ ಹೊರಗಿನಿಂದ ಬಂದ ಮಾತಲ್ಲ. ಇಂಗ್ಲೆಂಡಿನ ರೋಚ್‌ಡೇಲ್ ಊರಿನಲ್ಲಿ 1844ರಲ್ಲಿ 28 ಮಂದಿ ಕಸಬುದಾರರು ಕೂಡಿ ಅಂಗಡಿ ತೆರೆದ ಕಥೆಯನ್ನು ನಾವು ಕಾಲೇಜಿನಲ್ಲಿ ಓದಿದೆವು. ಆದರೆ ನಮ್ಮ ಗದಗು ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿ ಸಹಕಾರದ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ ಒಂದು ಸಣ್ಣ ಹಳ್ಳಿಯ ರೈತರು ಅದನ್ನು ಕೈಯಲ್ಲಿ ಹಿಡಿದು ತೋರಿಸಿದರು. ನಾವು ದೆಹಲಿಗೆ ಬಂದು ಕುಳಿತಿದ್ದರೂ ಆ ಕಣಗಿನಹಾಳದವರ ಸಂಬಂಧಿಕರೇ ಅಲ್ಲವೆ?

ಇನ್ನು ಹೆಂಗಸರ ಉದ್ಯಮದ ಮಾತು. ಮುಂಬಯಿಯ ಗಿರಗಾಂವಿನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಹೆಂಗಸರು ಒಂದು ಮನೆಯ ಮಾಳಿಗೆಯ ಮೇಲೆ ಕುಳಿತು ಹಪ್ಪಳ ಒತ್ತಲು ತೊಡಗಿದರು. ಮೂಲಧನ 80 ರೂಪಾಯಿ, ಅದೂ ಸಾಲ. ಮೊದಲ ದಿನ ಆದದ್ದು ನಾಲ್ಕೇ ಪೊಟ್ಟಣ. ಅದೇ ಇಂದಿನ ಲಿಜ್ಜತ್ ಪಾಪಡ್. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಕಾಯಿದೆಯ ಕಣ್ಣಿನಲ್ಲಿ ಅದು ಸಹಕಾರ ಸಂಘವೆಂದು ನೋಂದಣಿಯಾದದ್ದಲ್ಲ. ಆದರೆ ನಡೆಯುವ ರೀತಿ ಸಹಕಾರದ್ದೇ. ದುಡಿಯುವ ಹೆಂಗಸರೆಲ್ಲರೂ ಒಡತಿಯರು. ಲಾಭವಾದರೂ ಎಲ್ಲರದು, ನಷ್ಟವಾದರೂ ಎಲ್ಲರದು. ಬೆಳಿಗ್ಗೆ ಕೇಂದ್ರದಿಂದ ಹಿಟ್ಟನ್ನು ಒಯ್ದು, ಮನೆಯಲ್ಲಿ ಒತ್ತಿ, ಮರುದಿನ ಹಿಂದಕ್ಕೆ ತಂದು ಒಪ್ಪಿಸುತ್ತಾರೆ.

ಆ ಸಂಸ್ಥೆಯ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಹಿಡಿದದ್ದು ಒಂದು ಸಣ್ಣ ವಿಷಯ. ಮೊದಮೊದಲು ಎಳೆಯ ಹುಡುಗಿಯರೂ ಸೇರಬಹುದಾಗಿತ್ತು. ಆಮೇಲೆ, ಹದಿನೆಂಟು ತುಂಬಿದವರು ಮಾತ್ರ ಸೇರತಕ್ಕದ್ದು ಎಂದು ಗೊತ್ತುಮಾಡಿದರು. ಹಿಟ್ಟು ಮನೆಗೆ ಬಂದರೆ ಮಕ್ಕಳ ಕೈಗೂ ಲಟ್ಟಣಿಗೆ ಬಂದೀತು. ಆ ಎಚ್ಚರವಿಲ್ಲದಿದ್ದರೆ ತಾಯಿಯ ಸಂಪಾದನೆ ಮಗುವಿನ ನಷ್ಟವಾಗಿ ಪರಿಣಮಿಸುತ್ತದೆ.

ನಮ್ಮ ನಾಡಿನ ಹೊಸ ಉದಾಹರಣೆ ಕಲಬುರಗಿಯದು. ಅಲ್ಲಿ ರೊಟ್ಟಿ ಬಡಿಯುವ ತಾಯಂದಿರು ಸಹಕಾರ ಸಂಘ ಕಟ್ಟಿಕೊಂಡು, 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಲ್ಲಿ ಮಾರುತ್ತಿದ್ದಾರೆ. ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ರೊಟ್ಟಿಯಾಗುತ್ತದೆಂದು 2025ರಲ್ಲಿ ಪ್ರಧಾನಿಯವರ ಆಕಾಶವಾಣಿ ಭಾಷಣದಲ್ಲಿಯೇ ಬಂತು. ಜೋಳದ ರೊಟ್ಟಿ ಹೊಸದೇನಲ್ಲ. ಹೊಸದೆಂದರೆ, ಬಡಿಯುವ ಕೈಗಳು ಕೂಡಿ ಒಂದು ಹೆಸರನ್ನು ಸಂಪಾದಿಸಿದ್ದು.

ಕೆಟ್ಟ ಉದಾಹರಣೆಯನ್ನೂ ಹೇಳದಿದ್ದರೆ ಬ್ಯಾಂಕಿನವರ ಧರ್ಮವಾಗದು. ಇದೇ ದೆಹಲಿಯಲ್ಲಿ 1966ರಲ್ಲಿ ಸೂಪರ್ ಬಜಾರ್ ಎಂಬ ದೊಡ್ಡ ಸಹಕಾರಿ ಅಂಗಡಿ ತೆರೆಯಿತು. ಕನಾಟ್ ಪ್ಲೇಸಿಗೆ ಹೋದವರೆಲ್ಲ ಅದನ್ನು ಕಂಡವರೇ. 2002ರಲ್ಲಿ ಅದು ನಷ್ಟದಲ್ಲಿ ಮುಳುಗಿ ಬಾಗಿಲು ಮುಚ್ಚಿತು. ಹೆಸರಿನಲ್ಲಿ ಸಹಕಾರವಿದ್ದು, ಸದಸ್ಯರ ಕಣ್ಣು ಲೆಕ್ಕದ ಮೇಲೆ ಇಲ್ಲದಿದ್ದರೆ ಎಷ್ಟು ದೊಡ್ಡ ಕಟ್ಟಡವೂ ನಿಲ್ಲುವುದಿಲ್ಲ. ಸಣ್ಣದಾಗಿ ಆರಂಭಿಸಿ, ಲೆಕ್ಕವನ್ನು ಎಲ್ಲರ ಮುಂದೆ ಓದುವುದೇ ಕ್ಷೇಮ.

ಹಾಗಾದರೆ ನಾವು ಹೇಗೆ ಆರಂಭಿಸಬೇಕು? ಒಂದು ತೊಡಕನ್ನು ಮೊದಲೇ ತಿಳಿದಿರಬೇಕು. ನಮ್ಮ ಕುಟುಂಬಗಳು ಕೆಲವು ದ್ವಾರಕೆಯಲ್ಲಿ, ಕೆಲವು ನೋಯ್ಡಾದಲ್ಲಿ, ಕೆಲವು ಗುರುಗ್ರಾಮದಲ್ಲಿ. ನಮಗೆ ಇದೆಲ್ಲ ಒಂದೇ ದೆಹಲಿ. ಕಾಯಿದೆಗೆ ಹಾಗಲ್ಲ, ಒಂದು ದೆಹಲಿ, ಒಂದು ಉತ್ತರ ಪ್ರದೇಶ, ಒಂದು ಹರಿಯಾಣ. ದೆಹಲಿಯೊಳಗಿನ ಸಂಘಕ್ಕೆ 2003ರ ದೆಹಲಿ ಸಹಕಾರ ಸಂಘಗಳ ಕಾಯಿದೆ ಇದೆ. ಮೂರು ರಾಜ್ಯದವರೂ ಒಂದೇ ಸಂಘವಾಗಬೇಕಾದರೆ 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯಿದೆಯ ಕೆಳಗೆ ಹೋಗಬೇಕು. ಅದಕ್ಕೆ ಒಂದೊಂದು ರಾಜ್ಯದಿಂದಲೂ ಕನಿಷ್ಠ 50 ಮಂದಿಯ ಸಹಿ ಬೇಕು. ಅಷ್ಟು ದೊಡ್ಡ ಹೆಜ್ಜೆಯನ್ನು ಮೊದಲ ದಿನವೇ ಇಡುವುದು ಬೇಡ.

ನೆರೆಹೊರೆಯ ಹತ್ತರಿಂದ ಇಪ್ಪತ್ತು ಮಂದಿ ತಾಯಂದಿರ ಸ್ವಸಹಾಯ ಗುಂಪು ಸಾಕು. ಇದೂ ನಮ್ಮ ನಾಡಿಗೆ ಹೊಸದಲ್ಲ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ಬ್ಯಾಂಕಿನವರು ಗುಂಪಿನಲ್ಲಿ ಐದು ಸಂಗತಿಗಳನ್ನು ನೋಡುತ್ತಾರೆ: ಸಭೆ ತಪ್ಪದೆ ಸೇರುತ್ತದೆಯೆ, ಉಳಿತಾಯ ತಪ್ಪದೆ ಬೀಳುತ್ತದೆಯೆ, ತಮ್ಮೊಳಗೆ ಸಾಲ ಕೊಟ್ಟುಕೊಳ್ಳುತ್ತಾರೆಯೆ, ಹೊತ್ತಿಗೆ ಸರಿಯಾಗಿ ತೀರಿಸುತ್ತಾರೆಯೆ, ಪುಸ್ತಕ ಸರಿಯಾಗಿದೆಯೆ. ಪಂಚಸೂತ್ರ ಎಂದು ಇದಕ್ಕೆ ಹೆಸರು. ಗಮನಿಸಿರಿ, ಇದರಲ್ಲಿ "ಯಾರು ಎಲ್ಲರಿಗಿಂತ ಹೆಚ್ಚು ಉಳಿಸಿದರು?" ಎಂಬ ಪ್ರಶ್ನೆಯೇ ಇಲ್ಲ. ಮೊದಲ ಸ್ಥಾನ, ಎರಡನೆಯ ಸ್ಥಾನ ಇಲ್ಲ. ಎಲ್ಲರೂ ಒಂದೇ ಮೊತ್ತವನ್ನು ಕಟ್ಟುತ್ತಾರೆ, ನೋಡುವುದು ಕ್ರಮವನ್ನು.

ಇನ್ನೊಂದು ವಿಷಯ. ಒಳ್ಳೆಯ ಗುಂಪಿನಲ್ಲಿ ಒಬ್ಬಳ ಕಂತು ತಪ್ಪಿತೆಂದರೆ ಉಳಿದವರು ಮಾಡುವ ಮೊದಲ ಕೆಲಸವೆಂದರೆ ಅವಳ ಮನೆಗೆ ಹೋಗಿ, "ಏನಾಯಿತಮ್ಮ?" ಎಂದು ಕೇಳುವುದು. ಗಂಡನಿಗೆ ಖಾಯಿಲೆಯೆ, ಮಗುವಿಗೆ ಜ್ವರವೆ, ಏನು ಎಂದು ವಿಚಾರಿಸಿ ದಾರಿ ಮಾಡುತ್ತಾರೆ. ಕೇಳುವುದನ್ನು ಬಿಟ್ಟು ಬೆದರಿಸಲು ತೊಡಗಿದರೆ ಏನಾಗುತ್ತದೆಂಬುದನ್ನೂ ನಮ್ಮ ನಾಡು ಕಂಡಿದೆ. ಕಿರುಸಾಲ ಕೊಡುವವರ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟರು, ಪ್ರಾಣವನ್ನೂ ಕಳೆದುಕೊಂಡರು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಈಗ ಮಗನ ಖಾತೆಗೆ ಬರೋಣ. ನಮ್ಮ ಮಕ್ಕಳ ಅಂಕ ತಪ್ಪಿದಾಗ ನಾವು ಯಾವ ರೀತಿಯ ಸಾಲಗಾರರಾಗುತ್ತೇವೆ? "ಏನಾಯಿತಪ್ಪ?" ಎಂದು ಕೇಳುವ ಗುಂಪಿನವರೊ, ಬಾಗಿಲಿಗೆ ಬಂದು ನಿಲ್ಲುವ ವಸೂಲಿಯವರೊ? ಬೇರೆಯವರನ್ನು ಹೇಳುವುದೇಕೆ? ನಮ್ಮ ಮನೆಯಲ್ಲಿಯೇ ಏಳನೆಯ ತರಗತಿಯ ಮಗಳು ಗಣಿತದಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ತಂದ ದಿನ, "ನಿನ್ನ ಶಾಲೆಯ ಫೀಸು ಎಷ್ಟು ಗೊತ್ತೆ?" ಎಂಬ ಮಾತು ನಮ್ಮ ಬಾಯಿಂದ ಬಂದುಹೋಯಿತು. ಮಗು ಉತ್ತರ ಕೊಡಲಿಲ್ಲ. ಎರಡು ತಿಂಗಳ ಮೇಲೆ ಅವಳ ತಾಯಿಗೆ ಗೊತ್ತಾಯಿತು: ಕರಿಹಲಗೆಯ ಮೇಲಿನ ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ. ಕನ್ನಡಕ ಕೊಡಿಸಿದ ಮೇಲೆ ಗಣಿತ ಸರಿಹೋಯಿತು. "ಏನಾಯಿತಮ್ಮ?" ಎಂದು ಆ ದಿನವೇ ಕೇಳಿದ್ದರೆ ಎರಡು ತಿಂಗಳ ಕಣ್ಣೀರು ಉಳಿಯುತ್ತಿತ್ತು.

ಪರಊರಿಗೆ ಬಂದ ನಮ್ಮಂಥವರಿಗೆ ಅಂಕದ ಆಸೆ ಹೆಚ್ಚು. ಅದಕ್ಕೆ ಕಾರಣವಿದೆ. ಇಲ್ಲಿ ನಮಗೆ ಹೊಲವಿಲ್ಲ, ತೋಟವಿಲ್ಲ, ಅಣ್ಣತಮ್ಮಂದಿರ ಆಸರೆಯಿಲ್ಲ. ಓದೊಂದೇ ಆಸ್ತಿ ಎಂದು ತಿಳಿದವರು ನಾವು. ಓದಿದ್ದರಿಂದಲೇ ಇಲ್ಲಿಯವರೆಗೆ ಬಂದವರು. ಅದು ಸುಳ್ಳಲ್ಲ. ಓದು ಬೇಡ, ಪರೀಕ್ಷೆ ಬೇಡ ಎಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಅಂಕಪಟ್ಟಿಯೂ ಬೇಕು. ಆದರೆ ಲೆಕ್ಕ ಬಲ್ಲವರು ಒಂದು ಖಾತೆಯ ಶಿಲ್ಕನ್ನು ನೋಡಿ ಮನೆಯ ಆಸ್ತಿಯನ್ನೆಲ್ಲ ಅಳೆಯುವುದಿಲ್ಲ.

ಈ ಹೊರೆಯ ವಿಷಯವನ್ನು ಇದೇ ದೆಹಲಿಯಲ್ಲಿ ಎತ್ತಿದವರು ನಮ್ಮ ಮೈಸೂರಿನವರೇ. ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅಲ್ಲಿ ತಮ್ಮ ಮೊದಲ ಭಾಷಣದಲ್ಲಿ ಅವರು ಮಾತನಾಡಿದ್ದು ಶಾಲೆಯ ಮಕ್ಕಳ ಪುಸ್ತಕದ ಚೀಲದ ಭಾರವನ್ನು ಕುರಿತು. ಆ ಮಾತು ವ್ಯರ್ಥವಾಗಲಿಲ್ಲ. ಮುಂದೆ ಪ್ರೊಫೆಸರ್ ಯಶಪಾಲ್ ಅವರ ಸಮಿತಿ ನೇಮಕವಾಗಿ, 1993ರಲ್ಲಿ ಹೊರೆಯಿಲ್ಲದ ಕಲಿಕೆಯನ್ನು ಕುರಿತ ವರದಿಯನ್ನು ಕೊಟ್ಟಿತು. ಚೀಲದ ಭಾರಕ್ಕಿಂತ ದೊಡ್ಡ ಭಾರ ಅರ್ಥವಾಗದೆ ಕಲಿಯುವುದು ಎಂಬುದು ಆ ವರದಿಯ ತಿರುಳು. ಚೀಲದ ತೂಕ ಮಗುವಿನ ಮೈತೂಕದ ನೂರಕ್ಕೆ ಹತ್ತನ್ನು ಮೀರಬಾರದೆಂದು 2020ರ ಶಾಲಾ ಚೀಲದ ನೀತಿಯೂ ಹೇಳಿತು. ತಕ್ಕಡಿಯಲ್ಲಿ ಚೀಲವನ್ನು ತೂಗಬಹುದು. ಮಗುವಿನ ಎದೆಯ ಮೇಲಿರುವ ಭಾರವನ್ನು ತೂಗುವ ತಕ್ಕಡಿ ಮನೆಯವರ ಬಳಿಯಲ್ಲಿಯೇ ಇರಬೇಕು.

ಹೊರಗಿನ ಜಗತ್ತೂ ಬದಲಾಗಿದೆ. ದೆಹಲಿ ವಿಶ್ವವಿದ್ಯಾನಿಲಯದ ಕೆಲವು ಕಾಲೇಜುಗಳು 2021ರಲ್ಲಿ ಕೆಲವು ವಿಷಯಗಳಿಗೆ ನೂರಕ್ಕೆ ನೂರು ಅಂಕ ಕೇಳಿದುವು. ಮರುವರ್ಷ, 2022ರಲ್ಲಿ, ಪದವಿ ತರಗತಿಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆಯೇ ಬಂತು. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯವರು ಅನಾರೋಗ್ಯಕರ ಪೈಪೋಟಿ ಬೇಡವೆಂದು ಮೆರಿಟ್ ಪಟ್ಟಿ ಪ್ರಕಟಿಸುವುದನ್ನು ಬಿಟ್ಟಿದ್ದಾರೆ. ಹತ್ತನೆಯ ತರಗತಿಗೆ 2026ರಿಂದ ವರ್ಷಕ್ಕೆ ಎರಡು ಪರೀಕ್ಷೆ ಎಂದು ನಿರ್ಣಯಿಸಿದ್ದಾರೆ. 2025ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕಾಗಿ ಮಾರ್ಗಸೂತ್ರಗಳನ್ನು ಹಾಕಿಕೊಟ್ಟು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಸಲಹೆಗಾರರು ಇರಬೇಕೆಂದು ಹೇಳಿತು. ಮಂಡಳಿ ಬಿಟ್ಟ ಮೆರಿಟ್ ಪಟ್ಟಿಯನ್ನು ನಮ್ಮ ಸಂಘ ಮಾತ್ರ ಇನ್ನೂ ಬೋರ್ಡಿನ ಮೇಲೆ ಬರೆಯುತ್ತಿದೆ! ಇದು ನಮಗೆ ಶೋಭೆಯೆ?

ಆದಕಾರಣ ಈ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದು, ಮಹಿಳಾ ವಿಭಾಗದ ಆಶ್ರಯದಲ್ಲಿ ಒಂದು ಗುಂಪನ್ನು ಈ ತಿಂಗಳೇ ಆರಂಭಿಸೋಣ. ಗುಂಪಿನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯುವುದು, ನಿರ್ಣಯ ಪುಸ್ತಕ ಬರೆಯುವುದು, ಆಹಾರ ಪದಾರ್ಥ ಮಾರುವುದಕ್ಕೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯ ಅರ್ಜಿ ತುಂಬುವುದು, ಈ ಗುಮಾಸ್ತಗಿರಿಯನ್ನೆಲ್ಲ ನಾವು ಮಾಡಿಕೊಡುತ್ತೇವೆ. ಆರು ತಿಂಗಳು ತಮ್ಮ ಉಳಿತಾಯದಲ್ಲಿಯೇ ನಡೆಸಿ, ಆಮೇಲೆ ಸಾಲದ ಯೋಚನೆ ಮಾಡಬಹುದು.

ಎರಡನೆಯದು, ಕೆಲಸದ ಪಂಚಾಂಗವನ್ನು ಮಕ್ಕಳ ಪಂಚಾಂಗಕ್ಕೆ ಹೊಂದಿಸೋಣ. ಫೆಬ್ರವರಿ, ಮಾರ್ಚ್ ಪರೀಕ್ಷೆಯ ತಿಂಗಳು. ಆಗ ದೊಡ್ಡ ಆರ್ಡರು ಬೇಡ. ಏಪ್ರಿಲ್ ಕಳೆದರೆ ದೆಹಲಿಯ ಬಿಸಿಲು ನಮ್ಮ ಊರಿನ ಬಿಸಿಲಿಗಿಂತ ಖಡಕ್. ಹಪ್ಪಳ ಸಂಡಿಗೆಗೆ ಅದೇ ಕಾಲ, ಧೂಳುಗಾಳಿ ಎದ್ದಾಗ ಬಟ್ಟೆ ಮುಚ್ಚುವ ಎಚ್ಚರವಿದ್ದರೆ ಸರಿ. ನವೆಂಬರದ ಹೊಗೆಯಲ್ಲಿ ಒಣಗಿಸುವ ಕೆಲಸವೇ ಬೇಡ. ಆಗ ಚಟ್ನಿಪುಡಿ, ಹುಳಿಪುಡಿ ಮಾಡಬಹುದು. ಹದಿನೆಂಟು ತುಂಬದವರ ಕೈಗೆ ಗುಂಪಿನ ಕೆಲಸ ಕೊಡಕೂಡದೆಂದು ಮೊದಲ ದಿನವೇ ನಿರ್ಣಯವಾಗಲಿ. ಮಗ ತಾಯಿಗೆ ನೀರು ತಂದುಕೊಟ್ಟರೆ ತಪ್ಪಿಲ್ಲ. ಭಾನುವಾರವೆಲ್ಲ ಮೆಟ್ರೋದಲ್ಲಿ ಚೀಲ ಹೊರುವುದು ಬೇರೆ ಮಾತು.

ಮೂರನೆಯದು, ಗುಂಪಿನ ಉಳಿಕೆಯಲ್ಲಿ ಒಂದು ಭಾಗ ಮಕ್ಕಳಿಗಾಗಿ ಇರಲಿ. ಸಂಘದ ಮೇಲಿನ ಕೋಣೆ ಸಂಜೆ ಬೀಗ ಹಾಕಿಕೊಂಡೇ ಇರುತ್ತದೆ. ಅಲ್ಲಿ ನಾಲ್ಕು ಮೇಜು, ನಾಲ್ಕು ದೀಪ ಹಾಕಿದರೆ, ಮನೆಯಲ್ಲಿ ಜಾಗವಿಲ್ಲದ ಮಕ್ಕಳು ಕುಳಿತು ಓದಬಹುದು. ವಾರಕ್ಕೆ ಒಂದು ಸಂಜೆ ಪುಸ್ತಕ ಮುಚ್ಚಿ ಕೇರಂ ಆಡಲಿ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 14416 ಎಂಬ ಸಂಖ್ಯೆಯನ್ನು ಬರೆಯಿಸೋಣ. ಇದು 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ. ಅದರ ಮೂಲ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲಿಯೂ ಮಾತನಾಡಬಹುದು. ಮನಸ್ಸು ಕುಗ್ಗಿದ ಮಗುವಾಗಲಿ ತಾಯಿಯಾಗಲಿ ಅದಕ್ಕೆ ಫೋನು ಮಾಡುವುದರಲ್ಲಿ ನಾಚಿಕೆಯಿಲ್ಲ. ಕಣ್ಣು ಮಂಜಾದರೆ ಕನ್ನಡಕ ಕೊಡಿಸುವುದಿಲ್ಲವೆ?

ನಾಲ್ಕನೆಯದು ಪ್ರತಿಭಾ ಪುರಸ್ಕಾರ. ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ ಮುಗಿಸಿದ ನಮ್ಮ ಮಕ್ಕಳೆಲ್ಲರನ್ನೂ ವೇದಿಕೆಗೆ ಕರೆಯೋಣ. ಹೆಸರು ಓದೋಣ, ಶೇಕಡಾ ಓದುವುದು ಬೇಡ. ತೊಂಬತ್ತೆಂಟು ಬಂದ ಮಗುವಿನ ಹೆಚ್ಚುಗಾರಿಕೆ ಇದರಿಂದ ಕಡಿಮೆಯಾಗುವುದಿಲ್ಲ. ಅದರ ಅಂಕ ಅದರ ಕೈಯಲ್ಲಿಯೇ ಇರುತ್ತದೆ. ಒಬ್ಬರು ಸಮಿತಿಯಲ್ಲಿ ಕೇಳಿದರು: "ಎಲ್ಲರಿಗೂ ಕೊಟ್ಟರೆ ಪುರಸ್ಕಾರಕ್ಕೆ ಬೆಲೆ ಏನು?" ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಇಷ್ಟು: ಅಂಕಕ್ಕೆ ಬೆಲೆ ಕಟ್ಟಲು ಶಾಲೆಯಿದೆ, ಮಂಡಳಿಯಿದೆ, ಪ್ರವೇಶ ಪರೀಕ್ಷೆಯಿದೆ. "ನೀನು ನಮ್ಮವನು" ಎಂದು ಹೇಳಲು ಈ ಊರಿನಲ್ಲಿ ಇರುವುದು ಈ ಸಂಘವೊಂದೇ. ಅದನ್ನೂ ತೊಂಬತ್ತರ ಗೆರೆಯ ಮೇಲೆ ನಿಲ್ಲಿಸಿದರೆ ಎಪ್ಪತ್ತೊಂದು ಬಂದ ಹುಡುಗ ಎಲ್ಲಿಗೆ ಹೋಗಬೇಕು?

ಮಹನೀಯರೆ, 1956ರ ನವೆಂಬರ್ 1ರಂದು ಹಲವು ಕಡೆ ಹರಿದುಹೋಗಿದ್ದ ಕನ್ನಡ ಸೀಮೆಗಳು ಒಂದಾದುವು. ಆಗ ಯಾವ ಸೀಮೆಯ ಆದಾಯ ಎಷ್ಟು, ಯಾವುದಕ್ಕೆ ಮೊದಲ ಸ್ಥಾನ ಎಂದು ಲೆಕ್ಕ ಹಾಕಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲರೂ ಮನೆಯವರೆಂದು ಸೇರಿಸಿಕೊಂಡರು. ಆ ದಿನದ ಹಬ್ಬವನ್ನು ಮಾಡುವ ನಾವು ನಮ್ಮ ಮಕ್ಕಳ ವಿಷಯದಲ್ಲಿಯೂ ಅದೇ ಮನಸ್ಸನ್ನು ತೋರಿಸಬಾರದೆ?

ಮುಗಿಸುವ ಮುನ್ನ ಒಂದು ಮಾತು. ಗುಂಪು ಆರಂಭವಾದರೆ ತಾಯಂದಿರಿಗೆ ಲೆಕ್ಕ ಬರೆಯುವುದನ್ನು ಕಲಿಸಬೇಕಾಗುತ್ತದೆ. ನಾವು ಕಲಿಸುತ್ತೇವೆ. ಆದರೆ ಮೊದಲ ಪಾಠಕ್ಕೆ ಮಾದರಿಯಾಗಿ ಆ ಹುಡುಗನ ಉದ್ದನೆಯ ನೋಟ್ ಪುಸ್ತಕವನ್ನು ಇಟ್ಟುಕೊಳ್ಳಬೇಕೆಂದು ನಮ್ಮ ಆಸೆ. ಮುಂದಿನ ಭಾನುವಾರ ಸಮಿತಿಯ ಪರವಾಗಿ ಅವರ ಮನೆಗೆ ಹೋಗಿ ಅದನ್ನು ಕೇಳಿ ತರುವವರಿದ್ದೇವೆ. ಅವನು ಕೊಟ್ಟಾನೊ ಇಲ್ಲವೊ ಹೇಳಲಾರೆವು. ಸಿಟ್ಟು ಮಾಡಿಕೊಳ್ಳುವುದಕ್ಕೆ ಅವನಿಗೆ ಹಕ್ಕಿದೆ. ಹೋಗಿ ಕೇಳುವುದು ನಮ್ಮ ಕರ್ತವ್ಯ. ನಮ್ಮ ಜೊತೆಗೆ ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಬೇಕಾಗಿ ಪ್ರಾರ್ಥನೆ.

 ಸಿರಿಗನ್ನಡಂ ಗೆಲ್ಗೆ.